ಮುಪ್ಪಿಗೆ ಬಂದ ಪ್ಲೇಸ್ಟೇಷನ್ 2: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ತಿಂಗಳು ಇದೇ ಅಂಕಣದಲ್ಲಿ ಹಳೆಯ ಟೇಪ್ ರೆಕಾರ್ಡರುಗಳ ದುರಸ್ತಿಯ ಬಗ್ಗೆ ಬರೆಯುವಾಗ, ಮಾತಿನ ನಡುವೆ ಪ್ಲೇಸ್ಟೇಷನ್ 2 ಎಂಬ ಆಟದ ಯಂತ್ರದ ಹೆಸರನ್ನು ಒಂದೇ ಒಂದು ಸಲ ಎತ್ತಿದ್ದೆವು. ಟೇಪ್ ರೆಕಾರ್ಡರಿನ ಬಗ್ಗೆ ಬಂದ ಪತ್ರಗಳಿಗಿಂತ ಆ ಒಂದು ಹೆಸರಿಗೆ ಬಂದ ಪತ್ರಗಳೇ ಹೆಚ್ಚು. ಆದ್ದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2006ರಲ್ಲಿ ಮಗ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದನೆಂದು ಪ್ಲೇಸ್ಟೇಷನ್ 2 ಕೊಡಿಸಿದ್ದೆ. ಈಗ ಅವನು ಪರದೇಶದಲ್ಲಿದ್ದಾನೆ. ಊರಿಗೆ ಬಂದಾಗಲೆಲ್ಲ ಅದನ್ನು ಅಟ್ಟದಿಂದ ಇಳಿಸಿ ಎರಡು ದಿನ ಆಡಿ ಹೋಗುವುದು ರೂಢಿ. ಹೋದ ಸಲ ಯಾವ ಡಿಸ್ಕ್ ಹಾಕಿದರೂ ತೆರೆ ಕೆಂಪಾಗಿ, ಸರಿಯಾದ ಡಿಸ್ಕ್ ಹಾಕಿ ಎಂದು ಇಂಗ್ಲಿಷಿನಲ್ಲಿ ಬರುತ್ತಿತ್ತು. ಅಂಗಡಿಯವರು "ಇದರ ಕಾಲ ಮುಗೀತು ಸರ್, ಗುಜರಿಗೆ ಹಾಕಿ" ಎಂದರು. ನಿಜವಾಗಿಯೂ ಮುಗಿಯಿತೇ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಆಟದ ಯಂತ್ರದ ಕಾಲ ಒಂದೇ ದಿನ ಮುಗಿಯುವುದಿಲ್ಲ; ದೊಡ್ಡ ಕೂಡುಕುಟುಂಬದ ಮನೆ ಖಾಲಿಯಾಗುವ ಹಾಗೆ ಒಂದೊಂದೇ ಕೋಣೆಯ ದೀಪ ಆರುತ್ತ ಬರುತ್ತದೆ. ಪ್ಲೇಸ್ಟೇಷನ್ 2 ಜಪಾನಿನ ಅಂಗಡಿಗಳಿಗೆ ಬಂದದ್ದು 2000ದ ಮಾರ್ಚ್ 4ರಂದು, 39,800 ಯೆನ್ ಬೆಲೆಗೆ. ನೀವು ಮಗನಿಗೆ ಕೊಡಿಸಿದ ವರ್ಷವೇ ಅದರ ಮುಂದಿನ ಪೀಳಿಗೆಯಾದ ಪ್ಲೇಸ್ಟೇಷನ್ 3 ಜಪಾನ್ ಮತ್ತು ಅಮೆರಿಕಗಳಲ್ಲಿ ಮಾರುಕಟ್ಟೆಗೆ ಬಂದಿತ್ತು. ಸಾಮಾನ್ಯವಾಗಿ ಹೊಸ ಸೊಸೆ ಬಂದ ಮೇಲೆ ಅತ್ತೆ ಅಡುಗೆಮನೆ ಬಿಟ್ಟುಕೊಡುವುದು ಲೋಕಾರೂಢಿ. ಈ ಅತ್ತೆ ಮಾತ್ರ ಇನ್ನೂ ಆರು ವರ್ಷ ಒಲೆಯ ಮುಂದೆಯೇ ಕುಳಿತಿದ್ದಳು. ಜಪಾನಿನಲ್ಲಿ ಸರಬರಾಜು ನಿಂತದ್ದು 2012ರ ಡಿಸೆಂಬರ್ ಕೊನೆಗೆ. ಉಳಿದ ದೇಶಗಳಿಗೂ ತಯಾರಿಕೆ ನಿಂತಿತೆಂಬ ಸುದ್ದಿ 2013ರ ಜನವರಿಯ ಮೊದಲ ವಾರದಲ್ಲಿಯೇ ಬಂತು. ಅಷ್ಟರೊಳಗೆ 15 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾಗಿದ್ದವು. ಟಿವಿಗೆ ಜೋಡಿಸಿ ಮಾತ್ರ ಆಡಬಹುದಾದ ಯಂತ್ರಗಳಲ್ಲಿ ಇದನ್ನು ಮೀರಿಸಿದ್ದು ಇನ್ನೂ ಬಂದಿಲ್ಲ.

ಕಾರ್ಖಾನೆ ನಿಂತ ಮೇಲೂ ಕೆಲವು ಕೋಣೆಗಳಲ್ಲಿ ದೀಪ ಉರಿಯುತ್ತಲೇ ಇತ್ತು. ಸಾವಿರಾರು ಜನ ದೂರದೂರದಲ್ಲಿ ಕುಳಿತು ಒಂದೇ ಲೋಕದಲ್ಲಿ ಆಡುವ ಫೈನಲ್ ಫ್ಯಾಂಟಸಿ 11 ಎಂಬ ಆಟ 2002ರಲ್ಲಿ ಈ ಯಂತ್ರಕ್ಕೆ ಬಂದು, 2016ರ ಮಾರ್ಚ್‌ವರೆಗೂ ಇದರ ಮೇಲೆ ನಡೆಯಿತು. ಜಪಾನಿನಲ್ಲಿ ಸೋನಿ ಸಂಸ್ಥೆ ದುರಸ್ತಿಗೆ ಹೊಸ ಕೋರಿಕೆಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದು 2018ರ ಆಗಸ್ಟ್ ಕೊನೆಯಲ್ಲಿ. ಈಗ ಉಳಿದಿರುವುದು ನಿಮ್ಮ ಅಟ್ಟದ ಮೇಲಿನ ದೀಪ. ಇದು ಅಲಂಕಾರದ ಮಾತಲ್ಲ. ಆ ಯಂತ್ರದಲ್ಲಿ ಮೊದಲು ಸೋಲುವುದು ನಿಜವಾಗಿಯೂ ಒಂದು ಸಣ್ಣ ದೀಪವೇ.

ಡಿಸ್ಕಿನ ಕೆಳಗೆ ಕಡಲೆಕಾಳಿನಷ್ಟು ದೊಡ್ಡ ಗಾಜಿನಂಥ ಕಣ್ಣೊಂದಿದೆ. ಅದರ ಹಿಂದೆ ಎರಡು ಬಗೆಯ ಲೇಸರ್ ಬೆಳಕಿಗೆ ಏರ್ಪಾಡಿದೆ. ಒಂದು ಸಿಡಿ ಓದುವುದಕ್ಕೆ, ಇನ್ನೊಂದು ಡಿವಿಡಿ ಓದುವುದಕ್ಕೆ. ಮಗನ ಡಿಸ್ಕುಗಳನ್ನು ಬೋರಲು ಹಾಕಿ ನೋಡಿ. ಕೆಲವುದರ ತಳ ನೀಲಿಯಾಗಿರಬಹುದು, ಹೆಚ್ಚಿನವುದರದು ಬೆಳ್ಳಿಯ ಬಣ್ಣ. ನೀಲಿ ತಳದವು ಸಿಡಿಗಳು, ಬೆಳ್ಳಿಯವು ಡಿವಿಡಿಗಳು. ನೀಲಿಯದು ಓಡಿ ಬೆಳ್ಳಿಯದು ಓಡದಿದ್ದರೆ, ಅಥವಾ ಅದು ತಿರುಗುಮುರುಗಾದರೆ, ಡಿಸ್ಕ್ ತಿರುಗಿಸುವ ಮೋಟಾರು ಚೆನ್ನಾಗಿಯೇ ಇದೆ, ಒಂದು ಬಗೆಯ ಬೆಳಕಿಗೆ ಮಾತ್ರ ಶಕ್ತಿ ಕುಂದಿದೆ ಎಂದು ತಿಳಿಯಬಹುದು. ಎರಡೂ ಓಡದಿದ್ದರೆ ಮೊದಲು ಕಣ್ಣಿನ ಮೇಲಿನ ಕೊಳೆಯನ್ನೇ ಅನುಮಾನಿಸಬೇಕು. ನಿಮ್ಮದು ಮಲೆನಾಡಿನ ಊರು. ಅಟ್ಟದ ಮೇಲೆ ಹತ್ತಾರು ಮಳೆಗಾಲ ಕಳೆದ ಯಂತ್ರದ ಕಣ್ಣಿನ ಮೇಲೆ, ಮದುವೆಯ ಆಲ್ಬಮ್ಮಿನ ಚಿತ್ರಗಳ ಮೇಲೆ ಕೂರುವ ಹಾಗೆಯೇ, ಬೂಷ್ಟು ಕೂತಿರುವ ಸಾಧ್ಯತೆ ಬಹಳ. ಹತ್ತಿಯ ಕಡ್ಡಿಯ ತುದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತೊಟ್ಟು ಹಚ್ಚಿ, ಎಳೆ ಮಗುವಿನ ಕಣ್ಣೊರೆಸುವಷ್ಟು ಹಗುರವಾಗಿ ಒಂದು ಸುತ್ತು ಸವರಿ, ಪೂರ್ತಿ ಆರಲು ಬಿಡಿ. ಯಂತ್ರವು 2004ರ ನಂತರ ಬಂದ ತೆಳು ಮಾದರಿಯಾದರೆ ಮುಚ್ಚಳ ತೆಗೆದ ಕೂಡಲೇ ಕಣ್ಣು ಕಾಣಿಸುತ್ತದೆ. ಹಳೆಯ ದಪ್ಪ ಮಾದರಿಯಾದರೆ ಸ್ಕ್ರೂ ಬಿಚ್ಚಬೇಕಾಗುತ್ತದೆ, ಅದನ್ನು ಕೈಪಳಗಿದವರಿಗೆ ಬಿಡುವುದು ಲೇಸು.

ಇಷ್ಟಾದರೂ ಓದದಿದ್ದರೆ ಆ ಕಣ್ಣಿನ ಭಾಗವನ್ನೇ ಬದಲಾಯಿಸಬಹುದು. ಬಿಡಿಭಾಗ ಇಂದಿಗೂ ಸಿಗುತ್ತದೆ, ಹಾಕಿಕೊಡುವ ಕೈಗಳು ಕಡಿಮೆಯಾಗಿವೆ ಅಷ್ಟೇ. ಹೊಸ ಫೋನುಗಳ ಅಂಗಡಿಯಲ್ಲಿ ಕೇಳುವ ಬದಲು ಡಿವಿಡಿ ಪ್ಲೇಯರುಗಳನ್ನು ಬಿಚ್ಚಿ ಜೋಡಿಸಿದ ಹಳಬರನ್ನು ಹುಡುಕಿ. ಇನ್ನೊಂದು ಮಾತು. ಆನ್ ಮಾಡಿದಾಗಲೆಲ್ಲ ಯಂತ್ರ ತಾರೀಖು, ಸಮಯ ಕೇಳುತ್ತಿದ್ದರೆ ಅದನ್ನು ಮುಪ್ಪಿನ ಮರೆವೆಂದು ಭಾವಿಸಬೇಡಿ. ಒಳಗಿರುವ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದಿದೆ, ಅದು ವಾಚು ರಿಪೇರಿಯ ಅಂಗಡಿಯಲ್ಲಿಯೂ ಸಿಗುತ್ತದೆ. ಮುಂದಿನ ಸಲ ಮಗ ಬರುವ ಹದಿನೈದು ದಿನ ಮೊದಲೇ ಅದನ್ನು ಕೆಳಗಿಳಿಸಿ ನೋಡಿ. ಹೋದ ಮೇಲೆ ಅಟ್ಟಕ್ಕೆ ಏರಿಸಬೇಡಿ. ಮಂದಿ ಓಡಾಡುವ, ಗಾಳಿಯಾಡುವ ಕೋಣೆಯ ಕಪಾಟಿನಲ್ಲಿಡಿ.

ಪ್ರಶ್ನೆ: ನಮ್ಮ ಮನೆಯ ದಪ್ಪ ಮಾದರಿಯ ಪ್ಲೇಸ್ಟೇಷನ್ 2, ಡಿಸ್ಕ್ ಒಳಗೆ ಹೋದ ಮೇಲೆ ಇಡೀ ಯಂತ್ರವನ್ನು ಮಗುಚಿ ಹಾಕಿದರೆ ಮಾತ್ರ ಓದುತ್ತದೆ. ಮನೆಯವರು ನಗುತ್ತಾರೆ. ಇದರಲ್ಲಿ ಏನಾದರೂ ಅರ್ಥವಿದೆಯೇ? — ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇದೆ. ಲೇಸರಿನ ಕಣ್ಣು ಡಿಸ್ಕಿನಿಂದ ಕೂದಲೆಳೆಯಷ್ಟು ಲೆಕ್ಕಾಚಾರದ ದೂರದಲ್ಲಿ ನಿಲ್ಲಬೇಕು. ಸವೆದ ಭಾಗಗಳಿಂದಾಗಿ ಆ ದೂರ ತಪ್ಪಿದಾಗ, ಮಗುಚಿ ಹಾಕಿದರೆ ಭಾರ ಇನ್ನೊಂದು ಕಡೆಗೆ ಎಳೆದು ಕೆಲವೊಮ್ಮೆ ಲೆಕ್ಕ ಮತ್ತೆ ಕೂಡಿಬರುತ್ತದೆ. ರೇಡಿಯೋದ ತಲೆಗೆ ಒಂದು ಏಟು ಕೊಟ್ಟಾಗ ಹಾಡು ಬರುತ್ತಿದ್ದ ಹಾಗೆ ಇದೂ ಒಂದು ಮನೆಮದ್ದು. ರೋಗ ವಾಸಿಯಾಗುವುದಿಲ್ಲ, ದಿನ ದೂಡಬಹುದು. ಆಡುವಾಗ ಮಾತ್ರ ಕುಲುಕಬೇಡಿ, ತಿರುಗುವ ಡಿಸ್ಕಿನ ಮೇಲೆ ಉಂಗುರದ ಗೀರು ಬೀಳುತ್ತದೆ. ಈ ಯಂತ್ರವನ್ನು ಮಲಗಿಸಿಯೂ ನಿಲ್ಲಿಸಿಯೂ ಇಡಬಹುದೆಂದು ತಯಾರಕರೇ ಲೆಕ್ಕ ಹಾಕಿದ್ದರು; ಹೇಗೆ ಇಟ್ಟರೂ ನೇರವಾಗಿ ಕಾಣಲಿ ಎಂದು ಡಿಸ್ಕ್ ತಟ್ಟೆಯ ಮೇಲಿನ ಪುಟ್ಟ ಲಾಂಛನವನ್ನು ಬೆರಳಿನಿಂದ ತಿರುಗಿಸುವ ಹಾಗೆ ಮಾಡಿದ್ದರು. ಮಗುಚಿ ಆಡುವವರನ್ನು ಮಾತ್ರ ಅವರು ಊಹಿಸಿರಲಾರರು.

ಪ್ರಶ್ನೆ: ನನ್ನ ಅಕ್ಕನ ಮಗನ ಹತ್ತಿರ ಪ್ಲೇಸ್ಟೇಷನ್ 5 ಇದೆ. ನನ್ನ ಹಳೆಯ ಯಂತ್ರವನ್ನು ಜೋಡಿಸಿ ತೋರಿಸಿದಾಗ "ಮಾಮ, ಇದೇನು ಮಣ್ಣಿನ ಗೊಂಬೆ ಹಾಗೆ ಇದ್ದಾವೆ!" ಎಂದು ನಕ್ಕುಬಿಟ್ಟ. ನನಗೇ ಒಂದು ಕ್ಷಣ ಅನುಮಾನವಾಯಿತು. ಅಂದು ನಾವು ಹುಚ್ಚೆದ್ದು ಆಡಿದ್ದಕ್ಕೆ ಕಾರಣ ಆಟಗಳು ಚೆನ್ನಾಗಿದ್ದುದೋ, ನಮ್ಮ ವಯಸ್ಸು ಚೆನ್ನಾಗಿದ್ದುದೋ? — ಓದುಗರೊಬ್ಬರು, ಬೆಂಗಳೂರು

ಉತ್ತರ: ಹುಡುಗ ಸುಳ್ಳು ಹೇಳಿಲ್ಲ. ನಿಮ್ಮ ಯಂತ್ರದ ಮುಖ್ಯ ಸ್ಮೃತಿ 32 ಮೆಗಾಬೈಟ್. ಅವನದರಲ್ಲಿ 16 ಗಿಗಾಬೈಟ್, ಅಂದರೆ ಸುಮಾರು ಐನೂರು ಪಟ್ಟು. ಈಗಿನ ಫೋನಿನಲ್ಲಿ ತೆಗೆದ ಎಂಟು ಹತ್ತು ಚಿತ್ರಗಳು ಕೂತರೆ ತುಂಬಿಹೋಗುವಷ್ಟು ಜಾಗದಲ್ಲಿ ಅಂದಿನವರು ಊರು, ಕಾಡು, ಮಳೆ, ಪೊಲೀಸು, ಎಲ್ಲವನ್ನೂ ಹಿಡಿಸುತ್ತಿದ್ದರು. ಗ್ರ್ಯಾಂಡ್ ತೆಫ್ಟ್ ಆಟೊ ಸರಣಿಯ 2004ರ ಸ್ಯಾನ್ ಆಂಡ್ರಿಯಾಸ್ ಆಟದಲ್ಲಿ ದೂರದ ಬೆಟ್ಟಗಳು ಕಿತ್ತಳೆ ಬಣ್ಣದ ಮಬ್ಬಿನಲ್ಲಿ ಮುಳುಗಿರುತ್ತಿದ್ದುದು ನೆನಪಿದೆಯೇ? ಅಷ್ಟು ದೂರದವರೆಗೆ ಚಿತ್ರ ಬರೆಯಲು ಯಂತ್ರಕ್ಕೆ ಶಕ್ತಿ ಸಾಲದು, ಆದ್ದರಿಂದ ಮಬ್ಬು. ಆದರೆ ಆಡುವವರಿಗೆ ಅದು ಬೇಸಗೆಯ ಸಂಜೆಯ ಧೂಳಿನ ಹಾಗೆ ಕಂಡಿತು. ನಂತರದ ದೊಡ್ಡ ಯಂತ್ರಗಳಲ್ಲಿ ಆ ಮಬ್ಬನ್ನು ತೆಳುಮಾಡಿ ಎಲ್ಲವನ್ನೂ ಸ್ಪಷ್ಟವಾಗಿ ತೋರಿಸಿದಾಗ ಆ ಊರು ಒಮ್ಮೆಲೇ ಚಿಕ್ಕದಾಯಿತು, ಒಂದು ಪಟ್ಟಣದ ಗಡಿಯಿಂದಲೇ ಇನ್ನೊಂದು ಪಟ್ಟಣ ಕಾಣತೊಡಗಿತು. ಬಡತನವನ್ನು ಮುಚ್ಚಲು ಹೊದೆಸಿದ ಬಟ್ಟೆಯೇ ಅಂದಕ್ಕೂ ಒದಗಿತ್ತೆಂಬುದು ಆಗ ತಿಳಿಯಿತು.

ಹಾಗೆಂದು ಆ ಕಾಲದ ಲೆಕ್ಕದಲ್ಲಿ ಅದು ಬಡ ಯಂತ್ರವಾಗಿರಲಿಲ್ಲ. ಸೋನಿ ಮತ್ತು ತೋಷಿಬಾ ಸಂಸ್ಥೆಗಳು ಕೂಡಿ ರೂಪಿಸಿದ ಅದರ ಮಿದುಳಿಗೆ ಎಮೋಷನ್ ಎಂಜಿನ್ ಎಂದು ಹೆಸರು. ಸೋನಿಯ ಎಂಜಿನಿಯರ್ ಕೆನ್ ಕುತಾರಗಿ ಅವರ ಮುಂದಾಳತ್ವದಲ್ಲಿ ತಯಾರಾದ ಈ ಯಂತ್ರದ ಲೆಕ್ಕಾಚಾರದ ವೇಗ ಎಷ್ಟಿತ್ತೆಂದರೆ, 2000ದಲ್ಲಿ ಜಪಾನ್ ಸರ್ಕಾರ ಇದನ್ನು ಕ್ಷಿಪಣಿಗೆ ದಾರಿ ತೋರಿಸುವಂಥ ಸೇನಾ ಬಳಕೆಗೂ ಒದಗಬಹುದಾದ ವಸ್ತುಗಳ ಸಾಲಿಗೆ ಸೇರಿಸಿ, ರಫ್ತಿಗೆ ಪರವಾನಗಿ ಬೇಕೆಂದಿತು. 2003ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ಕೇಂದ್ರದವರು ಸುಮಾರು 70 ಪ್ಲೇಸ್ಟೇಷನ್ 2ಗಳನ್ನು ಒಟ್ಟಿಗೆ ಜೋಡಿಸಿ ವೈಜ್ಞಾನಿಕ ಲೆಕ್ಕಗಳಿಗೆ ಬಳಸಿ ನೋಡಿದ್ದರು. ಅಕ್ಕನ ಮಗನಿಗೆ ಇದನ್ನು ಹೇಳಿ. ಕ್ಷಿಪಣಿಯ ಮಾತು ಬಂದರೆ ಮಕ್ಕಳು ಸ್ವಲ್ಪ ಗೌರವ ಕೊಡುತ್ತಾರೆ.

ಆದರೆ ನಿಮ್ಮ ಪ್ರಶ್ನೆ ವೇಗದ್ದಲ್ಲ, ಆಟಗಳದ್ದು. ನನ್ನ ಮಟ್ಟಿಗೆ ಆ ಯಂತ್ರದ ಅತ್ಯುತ್ತಮ ಆಟ 2001ರ ಈಕೊ. ಜಪಾನಿನ ಫುಮಿತೊ ಉಯೆದ ಅವರ ನಿರ್ದೇಶನದ್ದು. ಕೊಂಬುಳ್ಳ ಒಬ್ಬ ಹುಡುಗ, ಅವನ ಭಾಷೆ ತಿಳಿಯದ ಒಬ್ಬ ಹುಡುಗಿ, ಪಾಳು ಬಿದ್ದ ಒಂದು ಕೋಟೆ, ಇಷ್ಟೇ. ತೆರೆಯ ಮೇಲೆ ಅಂಕವಿಲ್ಲ, ಆಯುಷ್ಯದ ಪಟ್ಟಿಯಿಲ್ಲ. ಆರ್1 ಗುಂಡಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಹುಡುಗ ಹುಡುಗಿಯ ಕೈ ಹಿಡಿದಿರುತ್ತಾನೆ. ಅವನು ಓಡಿದಾಗ ಅವಳ ತೋಳು ಎಳೆದ ಜಗ್ಗು, ಕೈಯಲ್ಲಿರುವ ಕಂಟ್ರೋಲರಿನಲ್ಲಿ ಸಣ್ಣ ನಡುಕವಾಗಿ ಬೆರಳಿಗೆ ತಿಳಿಯುತ್ತದೆ. ಆಟವನ್ನು ಉಳಿಸಿಕೊಳ್ಳಬೇಕಾದರೆ ಇಬ್ಬರನ್ನೂ ಒಂದು ಕಲ್ಲಿನ ಆಸನದ ಮೇಲೆ ಕೂರಿಸಬೇಕು. ಕೂತ ಕೂಡಲೇ ಇಬ್ಬರೂ ನಿದ್ದೆಗೆ ಜಾರುತ್ತಾರೆ. ಅದೇ ತಂಡದ 2005ರ ಶ್ಯಾಡೊ ಆಫ್ ದ ಕೊಲೊಸಸ್ ಆಟದಲ್ಲಿ ಕೊಲ್ಲಬೇಕಾದದ್ದು ಬರೀ ಹದಿನಾರು ದೈತ್ಯರನ್ನು. ಪ್ರತಿಯೊಬ್ಬನೂ ನಡೆದಾಡುವ ಗುಡ್ಡ. ಅವರ ಬೆನ್ನಿನ ರೋಮ ಹಿಡಿದು ಏರುವಾಗ ಯಂತ್ರ ಏದುಸಿರು ಬಿಡುತ್ತ ಚಿತ್ರಗಳನ್ನು ತಡವರಿಸಿ ತೋರಿಸುತ್ತಿತ್ತು. ಆ ಆಟವನ್ನು 2018ರಲ್ಲಿ ಪ್ಲೇಸ್ಟೇಷನ್ 4ಕ್ಕಾಗಿ ಹೊಸದಾಗಿ ಕಟ್ಟಿದರು. ಅಂದವಾಗಿದೆ, ನೀರಿನಂತೆ ಹರಿಯುತ್ತದೆ. ಆದರೂ ಹಳೆಯ ಯಂತ್ರದ ತಡವರಿಕೆಯಲ್ಲಿ ದೈತ್ಯನ ತೂಕ ನನಗೆ ಹೆಚ್ಚು ಗೊತ್ತಾಗುತ್ತಿತ್ತು. ಇದು ಮೋಹದ ಮಾತೂ ಇರಬಹುದು, ತಳ್ಳಿಹಾಕಲಾರೆ.

ನಮ್ಮೂರುಗಳಲ್ಲಿ ಬಹುಪಾಲು ಹುಡುಗರು ಈಕೊ ಆಡಿದವರಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ನಾವು ಈ ಯಂತ್ರವನ್ನು ಮೊದಲು ಕಂಡದ್ದು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಪಡೆಯುವ ಗೇಮ್ ಪಾರ್ಲರುಗಳಲ್ಲಿ. ನಮ್ಮ ಬೀದಿಯದು ಒಂದು ಹಳೆಯ ಎಸ್‌ಟಿಡಿ ಬೂತು. ಫೋನಿನ ಗಾಜಿನ ಗೂಡುಗಳನ್ನು ಕಿತ್ತು ಮೂರು ಟಿವಿ ಇಟ್ಟಿದ್ದರು. ಮಾಲೀಕರು ಶುರುವಾದ ಹೊತ್ತನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು, ಮುಗಿಯುವ ಐದು ನಿಮಿಷ ಮೊದಲು ಬೆನ್ನ ಹಿಂದೆ ಬಂದು ಕೀಲಿ ಗೊಂಚಲು ಅಲ್ಲಾಡಿಸುತ್ತಿದ್ದರು. ಅಲ್ಲಿ ನಡೆಯುತ್ತಿದ್ದುದು ಇಬ್ಬರು ಎದುರುಬದುರಾಗಿ ಹೊಡೆದಾಡುವ ಟೆಕ್ಕನ್, ಕುಸ್ತಿಯ ಸ್ಮ್ಯಾಕ್‌ಡೌನ್, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ 2006ರ ಕೊನೆಯಲ್ಲಿ ಬಂದ ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07. ಪರವಾನಗಿ ಇಲ್ಲದ್ದರಿಂದ ಅದರಲ್ಲಿ ಭಾರತದ ಆಟಗಾರರ ಹೆಸರುಗಳೆಲ್ಲ ತಿರುಚಿಕೊಂಡಿದ್ದವು. ನಾವು ತೆರೆಯ ಮೇಲಿನ ಹೆಸರನ್ನು ಓದದೆ, ನಿಂತ ಭಂಗಿ ನೋಡಿ ಯಾರೆಂದು ತೀರ್ಮಾನಿಸುತ್ತಿದ್ದೆವು. ಆ ಸರಣಿಯ ಕೊನೆಯ ಕ್ರಿಕೆಟ್ ಆಟವೂ ಅದೇ ಆಯಿತು.

ಇಷ್ಟೆಲ್ಲ ಹೊಗಳಿದ ಮೇಲೆ ದೂರುಗಳನ್ನೂ ಹೇಳದಿದ್ದರೆ ನ್ಯಾಯವಲ್ಲ. ಕಂಟ್ರೋಲರಿಗೆ ಎರಡೇ ಕಿಂಡಿ. ನಾಲ್ವರು ಆಡಬೇಕಾದರೆ ಬೇರೆ ಉಪಕರಣ ಕೊಳ್ಳಬೇಕಿತ್ತು. ಆಟವನ್ನು ಉಳಿಸುವ ಮೆಮೊರಿ ಕಾರ್ಡನ್ನು ಪ್ರತ್ಯೇಕವಾಗಿ ಕೊಳ್ಳಬೇಕಿತ್ತು. ಯಂತ್ರಕ್ಕೆ ಹಣ ಹೊಂದಿಸಿದ ಮನೆಗಳಲ್ಲಿ ಕಾರ್ಡಿಗೆ ಇನ್ನೆರಡು ತಿಂಗಳು ಕಾಯುವುದೂ ಇತ್ತು. ನಾನು, ನನ್ನ ದೊಡ್ಡಮ್ಮನ ಮಗ, ಕಾರ್ಡಿಲ್ಲದ ಒಂದು ಬೇಸಗೆ ಪೂರ್ತಿ ಗಾಡ್ ಆಫ್ ವಾರ್ ಆಟದ ಮೊದಲ ಹಡಗಿನ ಭಾಗವನ್ನೇ ಆಡಿದ್ದೇವೆ. ಬೆಳಗ್ಗೆ ಶುರುಮಾಡುವುದು, ಊಟಕ್ಕೆ ಏಳುವಾಗ ಯಂತ್ರವನ್ನು ಹಾಗೆಯೇ ಉರಿಯಲು ಬಿಡುವುದು, ಮೂರು ಗಂಟೆಗೆ ಸರಿಯಾಗಿ ಲೋಡ್ ಶೆಡ್ಡಿಂಗ್. ಮರುದಿನ ಮತ್ತೆ ಅದೇ ಹಡಗು, ಅದೇ ಬಹುತಲೆಯ ಸರ್ಪ. ಕಾರ್ಡು ಬಂದ ಮೇಲೆ ಇನ್ನೊಂದು ಭಯ ಶುರುವಾಯಿತು. ಉಳಿಸುವ ಹೊತ್ತಿನಲ್ಲಿ ಕಾರ್ಡನ್ನು ತೆಗೆಯಬೇಡಿ, ಯಂತ್ರ ಆರಿಸಬೇಡಿ ಎಂಬ ಎಚ್ಚರಿಕೆ ತೆರೆಯ ಮೇಲೆ ಬರುತ್ತದಲ್ಲ, ಆ ನಾಲ್ಕೈದು ಕ್ಷಣ ಅಣ್ಣ ಉಸಿರು ಬಿಗಿಹಿಡಿದು ಮೇಲಿನ ಫ್ಯಾನನ್ನೇ ನೋಡುತ್ತಿದ್ದ. ಫ್ಯಾನು ತಿರುಗುತ್ತಿದ್ದರೆ ಕರೆಂಟಿದೆ ಎಂದರ್ಥ.

ಕೊನೆಗಾಲದಲ್ಲಿ ಈ ಯಂತ್ರಕ್ಕೆ ನಮ್ಮ ದೇಶದಲ್ಲಿ ಒಂದು ಎರಡನೆಯ ಹರೆಯವೂ ಬಂದಿತ್ತು. ಹೊರಗಿನವರೆಲ್ಲ ಪ್ಲೇಸ್ಟೇಷನ್ 3ಕ್ಕೆ ಹೊರಳಿದ್ದ 2009ರಲ್ಲಿ, ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ತಯಾರಿಸಿದ ಹನುಮಾನ್: ಬಾಯ್ ವಾರಿಯರ್ ಎಂಬ ಆಟ ಪ್ಲೇಸ್ಟೇಷನ್ 2ಕ್ಕೆ ಬಂತು, ಪೂರ್ತಿಯಾಗಿ ಭಾರತದಲ್ಲಿಯೇ ತಯಾರಾದ ಈ ಯಂತ್ರದ ಮೊದಲ ಆಟವದು. ಅದೇ ಕಾಲದ ದೇಸಿ ಅಡ್ಡಾ ಎಂಬ ಇನ್ನೊಂದು ಆಟದಲ್ಲಿ ಕಬಡ್ಡಿ, ಚಿನ್ನಿದಾಂಡು, ಗಾಳಿಪಟಗಳಿದ್ದವು. ಆಟದ ಗುಣ ಸಾಧಾರಣವೇ, ಮುಚ್ಚುಮರೆ ಬೇಡ. ಆದರೂ ಜಪಾನಿನ ಯಂತ್ರದೊಳಗೆ ಚಿನ್ನಿ ಎಗರಿದ್ದನ್ನು ಕಂಡಾಗ ಆದ ಸಂತೋಷ ಸಣ್ಣದಲ್ಲ. ಅಕ್ಕನ ಮಗನ ಮುಂದೆ ಮುಂದಿನ ಸಲ ಚಿತ್ರದ ಅಂದಕ್ಕೆ ಹೆಸರಾದ ಆಟಗಳನ್ನು ಇಡಬೇಡಿ. ಟೆಕ್ಕನ್ 5 ಹಾಕಿ, ಎರಡನೆಯ ಕಂಟ್ರೋಲರನ್ನು ಅವನ ಕೈಗೆ ಕೊಟ್ಟು, ಪಕ್ಕದಲ್ಲಿ ನೀವು ಕುಳಿತುಕೊಳ್ಳಿ. ಮೂರನೆಯ ಸುತ್ತಿನ ಹೊತ್ತಿಗೆ ಗೊಂಬೆ ಮಣ್ಣಿನದೋ ಮರದ್ದೋ ಎಂದು ಕೇಳುವ ಪುರುಸೊತ್ತು ಅವನಿಗೆ ಇರುವುದಿಲ್ಲ.

ಪ್ರಶ್ನೆ: ನಮ್ಮದು ಮಾವ ದುಬೈನಿಂದ ತಂದ ಯಂತ್ರ, ಇಂದಿಗೂ ಸರಿಯಾಗಿದೆ. ಹೊಸ ಟಿವಿಯಲ್ಲಿ ಹಳದಿ, ಕೆಂಪು, ಬಿಳಿ ತಂತಿ ಸಿಕ್ಕಿಸುವ ಜಾಗವೇ ಇಲ್ಲ. ಪರಿವರ್ತಕ ತಂದು ಹಾಕಿದರೆ ಚಿತ್ರ ಕದಡಿದ ಹಾಗೆ, ಗುಂಡಿ ಒತ್ತಿದ ಸ್ವಲ್ಪ ಹೊತ್ತಿನ ಮೇಲೆ ಬ್ಯಾಟು ಬೀಸಿದ ಹಾಗೆ ಆಗುತ್ತದೆ. ಏನು ಮಾಡಬಹುದು? — ಓದುಗರೊಬ್ಬರು, ಕುಂದಾಪುರ

ಉತ್ತರ: ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಯಂತ್ರ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಗೀಟು ಗೀಟಾಗಿ ಬರೆದುಬಿಡುತ್ತಿತ್ತು. ಹೊಸ ಟಿವಿ ಮಾತ್ರ ಬಂದ ಚಿತ್ರವನ್ನು ಹಿಗ್ಗಿಸಿ, ನಯಮಾಡಿ, ಆಮೇಲೆ ತೋರಿಸುತ್ತದೆ, ತಡವಾಗುವುದು ಅಲ್ಲಿ. ಟಿವಿಯ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಇದ್ದರೆ ಹಾಕಿ, ಅರ್ಧ ತೊಂದರೆ ಅಲ್ಲಿಯೇ ಕಳೆಯುತ್ತದೆ. ಇಡೀ ಚಿತ್ರವನ್ನು ಒಂದೇ ತಂತಿಯಲ್ಲಿ ಕಳಿಸುವ ಹಳದಿ ತಂತಿಯ ಪರಿವರ್ತಕಕ್ಕಿಂತ, ಅದನ್ನು ಮೂರು ತಂತಿಗಳಿಗೆ ಹಂಚಿ ಕಳಿಸುವ ಕಾಂಪೊನೆಂಟ್ ಸಂಕೇತವನ್ನು ಬಳಸುವ ಪರಿವರ್ತಕ ಮೇಲು. ಅದನ್ನು ಹಾಕುವ ಮೊದಲು ಯಂತ್ರದ ಸಿಸ್ಟಮ್ ಕಾನ್ಫಿಗರೇಷನ್ ಪುಟದಲ್ಲಿ ಕಾಂಪೊನೆಂಟ್ ವಿಡಿಯೊ ಔಟ್ ಎಂಬಲ್ಲಿ ಆರ್‌ಜಿಬಿ ಇದ್ದರೆ ಅಲ್ಲಿರುವ ಇನ್ನೊಂದು ಆಯ್ಕೆಗೆ ಬದಲಾಯಿಸಿ, ಇಲ್ಲದಿದ್ದರೆ ಬಣ್ಣಗಳು ಕೆಡುತ್ತವೆ. ಇಷ್ಟೆಲ್ಲ ಬೇಡವೆನ್ನುವುದಾದರೆ, ನೆರೆಮನೆಯವರು ಗುಜರಿಗೆ ಹಾಕಲು ಹೊರಟಿರುವ ಇಪ್ಪತ್ತೊಂದು ಇಂಚಿನ ಹಳೆಯ ಟಿವಿಯನ್ನು ಕೇಳಿ ತನ್ನಿ. ಭಾರವಿರುತ್ತದೆ, ಇಬ್ಬರು ಹೋಗಿ.

ಪ್ರಶ್ನೆ: ಗೀರು ಬಿದ್ದ ಡಿಸ್ಕುಗಳಿಗೆ ಹಲ್ಲುಜ್ಜುವ ಪೇಸ್ಟ್ ಹಚ್ಚುವುದು ಸರಿಯೇ? ಕಂಪ್ಯೂಟರಿನಲ್ಲಿ ಆಡುವ ಉಪಾಯ ಇದೆಯಂತೆ, ಅದು ಕಾನೂನಿಗೆ ವಿರುದ್ಧವೇ? — ಓದುಗರೊಬ್ಬರು, ದಾವಣಗೆರೆ

ಉತ್ತರ: ಪೇಸ್ಟಿನಿಂದ ಉಜ್ಜಿದರೆ ಮೇಲಿನ ತೆಳು ಗೀರು ಕೆಲವೊಮ್ಮೆ ಸವೆದು ಹೋಗುವುದುಂಟು, ಹೊಸ ಗೀರು ನೂರು ಬೀಳುವುದೂ ಉಂಟು. ನಾನು ಒಂದು ಡಿಸ್ಕ್ ಉಳಿಸಿ ಎರಡು ಕಳೆದುಕೊಂಡವನು. ನೆನಪಿಡಬೇಕಾದ ಸಂಗತಿಯೆಂದರೆ, ನೀಲಿ ತಳದ ಸಿಡಿಗಳಲ್ಲಿ ಮಾಹಿತಿ ಇರುವುದು ಹೆಸರು ಮುದ್ರಿಸಿದ ಮೇಲ್ಭಾಗದ ಕೂಡಲೇ ಕೆಳಗೆ. ಆ ಕಡೆ ಆಳವಾದ ಗೀರು ಬಿದ್ದರೆ ಯಾವ ಪೇಸ್ಟೂ ಉಳಿಸುವುದಿಲ್ಲ. ಡಿವಿಡಿಯಲ್ಲಿ ಅದು ಎರಡು ಪದರಗಳ ನಡುವೆ ಸುರಕ್ಷಿತವಾಗಿರುತ್ತದೆ.

ಕಂಪ್ಯೂಟರಿನ ವಿಷಯಕ್ಕೆ ಬಂದರೆ, ಪಿಸಿಎಸ್ಎಕ್ಸ್2 ಎಂಬ ತಂತ್ರಾಂಶ ಈ ಯಂತ್ರದ ವರ್ತನೆಯನ್ನು ಅನುಕರಿಸುತ್ತದೆ. ಉತ್ಸಾಹಿಗಳು ಎರಡು ದಶಕಗಳಿಂದ ಅದನ್ನು ತಿದ್ದುತ್ತ ಬಂದಿದ್ದಾರೆ, ಉಚಿತವಾಗಿಯೇ ಸಿಗುತ್ತದೆ. ಅದು ಓಡಬೇಕಾದರೆ ನಿಮ್ಮ ಸ್ವಂತ ಯಂತ್ರದ ಮೂಲ ತಂತ್ರಾಂಶವನ್ನು ನೀವೇ ಹೊರತೆಗೆದು ಕೊಡಬೇಕು. ನ್ಯಾಯವಾಗಿ ಕೊಂಡ ಕಂಪ್ಯೂಟರ್ ಪ್ರೋಗ್ರಾಂ ಹಾಳಾದೀತೆಂಬ ಮುಂಜಾಗ್ರತೆಗೆ ಪ್ರತಿ ಮಾಡಿಕೊಳ್ಳಲು ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು ಅವಕಾಶ ಕೊಡುತ್ತದೆ. ಇನ್ನೊಬ್ಬರು ಮಾಡಿಟ್ಟ ಪ್ರತಿಯನ್ನು ಇಳಿಸಿಕೊಳ್ಳುವುದಕ್ಕೆ ಆ ರಕ್ಷಣೆ ಇಲ್ಲ. ಅಂದು ನಮ್ಮ ಪೇಟೆಗಳಲ್ಲಿ ಯಂತ್ರಕ್ಕೆ ಚಿಪ್ ಕೂರಿಸಿ ನಕಲಿ ಡಿಸ್ಕುಗಳಲ್ಲಿ ಆಡಿದವರೇ ಹೆಚ್ಚು ಎಂಬುದು ಗುಟ್ಟಲ್ಲ. ಮನೆಯಲ್ಲಿ ಬರೆದ ಆ ಡಿಸ್ಕುಗಳು ಬೆಳಕನ್ನು ಕಡಿಮೆ ಹಿಂದಿರುಗಿಸುವುದರಿಂದ, ಕಣ್ಣು ಸೋತ ಯಂತ್ರ ಮೊದಲು ಕೈಬಿಡುವುದು ಅವನ್ನೇ. ಅಸಲಿ ಡಿಸ್ಕ್ ಒಂದನ್ನು ಎರವಲು ತಂದು ಪರೀಕ್ಷಿಸಿದ ಮೇಲೆಯೇ ಯಂತ್ರ ಕೆಟ್ಟಿದೆ ಎಂದು ನಂಬಿ.

ಪ್ರಶ್ನೆ: ನನ್ನ ಅಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ಅವನ ಪ್ಲೇಸ್ಟೇಷನ್ 2 ಈಗ ನಮ್ಮ ಮನೆಯಲ್ಲಿದೆ. ಮೆಮೊರಿ ಕಾರ್ಡಿನ ಮೇಲೆ ಅವನದೇ ಅಕ್ಷರದಲ್ಲಿ "ಮುಟ್ಟಬೇಡಿ" ಎಂಬ ಚೀಟಿ ಅಂಟಿಕೊಂಡಿದೆ. ಎಂಟು ವರ್ಷದ ಮಗಳು ಆಡುತ್ತೇನೆ ಎನ್ನುತ್ತಾಳೆ. ಅವಳು ಆಡಿದರೆ ಅಣ್ಣನದೆಲ್ಲ ಅಳಿಸಿಹೋದೀತೆಂದು ನಾನು ಆನ್ ಮಾಡಲೂ ಬಿಟ್ಟಿಲ್ಲ. — ಓದುಗರೊಬ್ಬರು, ಮೈಸೂರು

ಉತ್ತರ: ಆನ್ ಮಾಡುವುದರಿಂದ ಏನೂ ಅಳಿಯುವುದಿಲ್ಲ, ಧೈರ್ಯವಾಗಿರಿ. ಯಂತ್ರದ ಒಳಗಿನ ಗಡಿಯಾರದ ಬ್ಯಾಟರಿ ಸತ್ತಿದ್ದರೂ ಕಾರ್ಡಿಗೆ ತೊಂದರೆಯಿಲ್ಲ. ಕಾರ್ಡಿನಲ್ಲಿರುವುದು 8 ಮೆಗಾಬೈಟಿನ ಫ್ಲ್ಯಾಶ್ ಸ್ಮೃತಿ. ಬ್ಯಾಟರಿಯ ಹಂಗಿಲ್ಲದೆ ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಅದೂ ಚಿರಂಜೀವಿಯಲ್ಲ. ಆದ್ದರಿಂದ ಇನ್ನೊಂದು ಕಾರ್ಡ್ ಕೊಂಡು ಎರಡನೆಯ ಕಿಂಡಿಗೆ ಹಾಕಿ, ಡಿಸ್ಕ್ ಇಲ್ಲದೆ ಆನ್ ಮಾಡಿದಾಗ ಬರುವ ಬ್ರೌಸರ್ ಪುಟಕ್ಕೆ ಹೋಗಿ, ಅಣ್ಣನ ಕಡತಗಳನ್ನು ಒಂದೊಂದಾಗಿ ಅಲ್ಲಿಗೆ ನಕಲು ಮಾಡಿ. ಪ್ರತಿ ಆಟದ ಕಡತಕ್ಕೂ ಒಂದು ಪುಟ್ಟ ಗೊಂಬೆಯೋ ಕಾರೋ ಗುರುತಾಗಿ ತಿರುಗುತ್ತಿರುತ್ತದೆ. ನಕಲು ಮಾಡಲು ಬಿಡದ ಕೆಲವು ಕಡತಗಳೂ ಇರುತ್ತವೆ. ಅವನ್ನು ಕಂಪ್ಯೂಟರಿಗೆ ತೆಗೆದುಕೊಳ್ಳುವ ದಾರಿಗಳಿವೆ, ತಿಳಿದವರ ಕೈಯಲ್ಲಿ ಮಾಡಿಸಿ.

ಒಂದು ಕಡತದ ಬಗ್ಗೆ ಮಾತ್ರ ವಿಶೇಷ ಎಚ್ಚರಿಕೆ ಬೇಕು. "ಯುವರ್ ಸಿಸ್ಟಮ್ ಕಾನ್ಫಿಗರೇಷನ್" ಎಂಬ ಹೆಸರಿನ, ಯಾವ ಆಟದ್ದೂ ಅಲ್ಲದ ಒಂದು ಕಡತ ಆ ಸಾಲಿನಲ್ಲಿ ಕಾಣಿಸುತ್ತದೆ. ಜಾಗ ಸಾಲದಿದ್ದಾಗ ಅನೇಕರು ಬೇಡದ್ದೆಂದು ಮೊದಲು ಅಳಿಸುತ್ತಿದ್ದುದು ಇದನ್ನೇ. ಈ ಯಂತ್ರವನ್ನು ಆನ್ ಮಾಡಿದ ಕೂಡಲೇ ಕಪ್ಪು ನೀಲಿ ಶೂನ್ಯದಲ್ಲಿ ಚೌಕಾಕಾರದ ಗೋಪುರಗಳು ಎದ್ದು ನಿಂತಿರುವುದನ್ನು, ನಾವು ಮೇಲಿನಿಂದ ಅವುಗಳ ನಡುವೆ ಇಳಿಯುತ್ತಿರುವುದನ್ನು ನೀವು ನೋಡಿರಬಹುದು. ಅವು ಬರೀ ಅಲಂಕಾರದ ಚಿತ್ರಗಳೆಂದು ಹೆಚ್ಚಿನವರು ತಿಳಿದಿದ್ದರು. ಹಾಗಲ್ಲ. ಕಾರ್ಡು ಯಂತ್ರದಲ್ಲಿ ಇದ್ದಾಗ ಯಾವ ಯಾವ ಆಟವನ್ನು ಎಷ್ಟು ಸಲ ಆಡಲಾಯಿತು ಎಂಬ ಲೆಕ್ಕ ಆ ಕಡತದಲ್ಲಿ ಸೇರುತ್ತ ಹೋಗುತ್ತದೆ. ಒಂದೊಂದು ಗೋಪುರ ಒಂದೊಂದು ಆಟ. ಹೆಚ್ಚು ಸಲ ಆಡಿದಷ್ಟೂ ಗೋಪುರ ಎತ್ತರ.

ಹಾಗಾಗಿ ಮಗಳ ಆಟಕ್ಕೆ ಬೇರೆಯದೇ ಕಾರ್ಡ್ ಕೊಡಿಸಿ, ಅವಳು ಆಡುವಾಗ ಅಣ್ಣನ ಕಾರ್ಡ್ ಯಂತ್ರದಲ್ಲಿ ಇರದಂತೆ ನೋಡಿಕೊಳ್ಳಿ. ಅದಕ್ಕೂ ಮೊದಲು ಒಂದು ಸಂಜೆ, ಡಿಸ್ಕ್ ಹಾಕದೆ, ಅಣ್ಣನ ಕಾರ್ಡನ್ನು ಮೊದಲ ಕಿಂಡಿಗೆ ಹಾಕಿ ಆನ್ ಮಾಡಿ ಇಬ್ಬರೂ ಕುಳಿತು ನೋಡಿ. ಕೆಲವೇ ಕ್ಷಣಗಳ ದೃಶ್ಯ; ಕಣ್ಣು ತಪ್ಪಿದರೆ ಆರಿಸಿ ಮತ್ತೆ ಹಾಕಬಹುದು. ಎಲ್ಲಕ್ಕಿಂತ ಎತ್ತರದ ಗೋಪುರ ಯಾವ ಆಟದ್ದೆಂದು ಅಲ್ಲಿ ಬರೆದಿರುವುದಿಲ್ಲ. ಅಣ್ಣನ ಪಕ್ಕದಲ್ಲಿ ಕುಳಿತು ನೋಡಿದ ನಿಮಗೆ ಅದು ತಿಳಿದೇ ಇರುತ್ತದೆ, ಮಗಳಿಗೆ ಹೇಳಿ. ಆಮೇಲೆ ಆ ಕಾರ್ಡನ್ನು ತೆಗೆದು ಚೀಟಿಯ ಸಮೇತ ಎತ್ತಿಟ್ಟು, ಅವಳ ಹೊಸ ಕಾರ್ಡನ್ನು ಹಾಕಿ. ಮೊದಲ ದಿನ ಅವಳಿಗೆ ಕಾಣುವುದು ಒಂದೂ ಗೋಪುರವಿಲ್ಲದ ಬಯಲು, "ನನ್ನದು ಯಾಕೆ ಖಾಲಿ?" ಎಂದು ಕೇಳಿಯೇ ಕೇಳುತ್ತಾಳೆ.